ಮೈಲವ್ವನ ಹೆಬ್ಬೆಟ್ಟು, ನನ್ನ ಕ್ರೀಮು

ಟಕ್, ಟಕ್, ಪಚ್. ಮೊದಲಿನ ಎರಡು ಒಣ ಸದ್ದು, ಓಡು ಒಡೆದದ್ದು. ಮೂರನೆಯದು ಮೆತ್ತಗೆ, ಹಣ್ಣಿನ ಮೈಗೆ ಕೊಡತಿ ತಾಗಿದ್ದು. ಬೇಸಿಗೆ ರಜೆಗೆ ಬಳ್ಳಾರಿಯ ಕಾನ್ವೆಂಟಿನಿಂದ ಕೂಡ್ಲಿಗಿಯ ಮನೆಗೆ ಬಂದ ಮರುದಿನ ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದದ್ದು ಈ ಸದ್ದೇ. ಹಿತ್ತಿಲ ಬೇವಿನ ನೆರಳಲ್ಲಿ ಹೆಂಗಸರು ಕಾಲು ಚಾಚಿ ಕುಳಿತು ಹುಣಸೆಹಣ್ಣು ಕುಟ್ಟುತ್ತಿದ್ದರು. ಕಾನ್ವೆಂಟಿನಲ್ಲಿ ನಮ್ಮನ್ನು ಎಬ್ಬಿಸುತ್ತಿದ್ದದ್ದು ಹಿತ್ತಾಳೆಯ ಗಂಟೆ. ಆ ಗಂಟೆಗೆ ಎದ್ದರೆ ಪ್ರೇಯರ್, ಈ ಟಕ್ ಟಕ್‌ಗೆ ಎದ್ದರೆ ಬಾಯಲ್ಲಿ ನೀರು. ಎರಡರಲ್ಲಿ ದೇವರಿಗೆ ಹತ್ತಿರದ್ದು ಯಾವುದು ಅಂತ ಸಿಸ್ಟರನ್ನು ಕೇಳುವಷ್ಟು ಧೈರ್ಯದ ಹುಡುಗಿ ನಾನಾಗಿರಲಿಲ್ಲ.

ಇಷ್ಟು ವರ್ಷಗಳ ಮೇಲೆ ಆ ಸದ್ದು ನೆನಪಾದದ್ದು ಎಲ್ಲಿ ಅಂದರೆ, ಡ್ರೆಸ್ಸಿಂಗ್ ಟೇಬಲ್ಲಿನ ಮುಂದೆ. ಹೋದ ವರ್ಷ ಶಿವರಾತ್ರಿಯ ಹೊತ್ತಿಗೆ ಮೊಮ್ಮಗಳು ಸ್ಫೂರ್ತಿ ದಾವಣಗೆರೆಯ ಹಾಸ್ಟೆಲ್ಲಿನಿಂದ ಬಂದಿದ್ದಳು. ಬಟ್ಟೆಯ ಬ್ಯಾಗು ಚಿಕ್ಕದು, ಶೀಶೆಗಳ ಬ್ಯಾಗು ದೊಡ್ಡದು. ನಮ್ಮ ಕಾಲದಲ್ಲಿ ಮುಖಕ್ಕೆ ಎರಡೇ ಇದ್ದವು: ಚಳಿಗಾಲಕ್ಕೆ ಕೋಲ್ಡ್ ಕ್ರೀಮು, ಉಳಿದ ಕಾಲಕ್ಕೆ ಪೌಡರು. ಈಕೆಯದು ಸಾಲಾಗಿ ನಿಲ್ಲಿಸಿದರೆ ಮೆಡಿಕಲ್ ಶಾಪು. ನಾನೋ ಅಕ್ಷರ ಕಂಡಲ್ಲಿ ಓದುವವಳು. ಶೇಂಗಾ ಕಟ್ಟಿ ಕೊಟ್ಟ ಪೇಪರನ್ನೂ ಬಿಡಿಸಿ ಓದಿಯೇ ಬಿಸಾಡುವುದು. ಭೂತಗನ್ನಡಿ ಹಿಡಿದು ಒಂದೊಂದೇ ಶೀಶೆಯ ಬೆನ್ನನ್ನು ಓದತೊಡಗಿದೆ.

ಮೊದಲು ಬರೆದದ್ದು ಒಳಗೆ ಹೆಚ್ಚು, ಕೊನೆಗೆ ಬರೆದದ್ದು ಕಡಿಮೆ, ಇದು ನಿಯಮವಂತೆ. ಮುಕ್ಕಾಲು ಪಾಲು ಶೀಶೆಗಳಲ್ಲಿ ಮೊದಲ ಹೆಸರು ಅಕ್ವಾ. ಕಾನ್ವೆಂಟಿನ ಪುಣ್ಯ, ನಾಲ್ಕು ಲ್ಯಾಟಿನ್ ಶಬ್ದ ಗೊತ್ತು. ಅಕ್ವಾ ಅಂದರೆ ನೀರು. ನಾನು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನ ನಲ್ಲಿಯಲ್ಲಿ ಬಂದರೆ ನೀರು, ಶೀಶೆಯಲ್ಲಿ ಬಂದರೆ ಅಕ್ವಾ. ಆಮೇಲೆ ಗ್ಲಿಸರಿನ್. ಇದು ನನ್ನ ಹಳೆಯ ಪರಿಚಯ. ನಮ್ಮವ್ವ ಗ್ಲಿಸರಿನ್ನಿಗೆ ಪನ್ನೀರು ಬೆರೆಸಿ, ಕಾನ್ವೆಂಟಿಗೆ ಹೊರಡುವಾಗ ಟ್ರಂಕಿನ ಮೂಲೆಯಲ್ಲಿ ಇಡುತ್ತಿದ್ದಳು. ಆಮೇಲೆ ಪೆಟ್ರೊಲೇಟಮ್, ಅದೇ ಎಲ್ಲರ ಮನೆಯ ಪೆಟ್ರೋಲಿಯಮ್ ಜೆಲ್ಲಿ. ಇವೆರಡೂ ಒಂದೇ ಕೆಲಸದವು ಅಂತ ನಾನು ಇಷ್ಟು ದಿನ ತಿಳಿದಿದ್ದೆ. ಹಾಗಲ್ಲವಂತೆ. ಗ್ಲಿಸರಿನ್ ನೀರನ್ನು ಚರ್ಮಕ್ಕೆ ಕರೆಯುತ್ತದೆ, ಜೆಲ್ಲಿ ಒಳಗಿದ್ದ ನೀರು ಆಚೆ ಹೋಗದಂತೆ ನೋಡಿಕೊಳ್ಳುತ್ತದೆ. ಒಂದು ಲಗ್ನಪತ್ರಿಕೆ, ಇನ್ನೊಂದು ಬಾಗಿಲ ಚಿಲಕ. ಕರೆಯದೆ ಬರೀ ಚಿಲಕ ಹಾಕಿದರೆ ಮನೆಯೊಳಗೆ ಯಾರಿರುತ್ತಾರೆ? ನಾನು ವರ್ಷಗಟ್ಟಲೆ ಒಣ ಹಿಮ್ಮಡಿಗೆ ಬರೀ ಚಿಲಕ ಹಾಕುತ್ತಾ ಬಂದವಳು. ಲ್ಯಾನೋಲಿನ್ ಎಂಬ ಹೆಸರು ಕೇಳಿ ಯಾವುದೋ ಫ್ರೆಂಚ್ ಹುಡುಗಿ ಇರಬೇಕು ಅಂದುಕೊಂಡೆ. ನೋಡಿದರೆ ಕುರಿಯ ತುಪ್ಪಟದ ಜಿಡ್ಡು. ನಮ್ಮ ಓಣಿಯಲ್ಲಿ ಕುರಿಯ ಉಣ್ಣೆ ಕತ್ತರಿಸುವ ದಿನ ಗಾಳಿಯಲ್ಲಿ ಬರುವ ಆ ಕಮಟು ವಾಸನೆಯೇ, ಸೋಸಿ ಸ್ನಾನ ಮಾಡಿಸಿಕೊಂಡು ಶೀಶೆಗೆ ಹೋಗಿ ಕುಳಿತಿದೆ.

ಆಮೇಲೆ ಕೈಗೆ ಬಂದವು ಆ ಎರಡು ಶೀಶೆ. ಒಂದು ಕೆಂಪು ನೀರಿನಂಥದ್ದು, ಅದರ ಬೆನ್ನ ಮೇಲೆ ಟಾಮರಿಂಡಸ್ ಇಂಡಿಕಾ ಫ್ರೂಟ್. ಇನ್ನೊಂದು ಲೋಳೆಯಂಥದ್ದು, ಅದರ ಬೆನ್ನ ಮೇಲೆ ಟಾಮರಿಂಡಸ್ ಇಂಡಿಕಾ ಸೀಡ್. ನಮ್ಮ ಹುಣಸೆಯೇ. ಹಣ್ಣು ಒಂದರಲ್ಲಿ, ಬೀಜ ಇನ್ನೊಂದರಲ್ಲಿ.

"ಹಣ್ಣಿಂದು ಎಕ್ಸ್‌ಫೋಲಿಯೇಟ್ ಮಾಡ್ತೈತಿ ಅಜ್ಜಿ," ಅಂದಳು ಸ್ಫೂರ್ತಿ. "ಹುಳಿ ಐತಲ್ಲ, ಆಸಿಡ್. ಮ್ಯಾಲಿನ ಸತ್ತ ಚರ್ಮ ತಗದು ಹಾಕ್ತೈತಿ."

"ಯಾವುದು ಸತ್ತದ್ದು, ಯಾವುದು ಬದುಕಿದ್ದು ಅಂತ ಅದಕ್ಕ ಹೆಂಗ ಗೊತ್ತಾಗ್ತೈತಿ?"

"ಗೊತ್ತಾಗಂಗಿಲ್ಲ, ಅದಕ್ಕ ವಾರಕ್ಕೊಂದು ಸಲ ಅಷ್ಟ ಹಚ್ಚಬೇಕು. ದಿನಾ ಹಚ್ಚಿದ್ರ ಬದುಕಿದ್ದೂ ಹೋಗ್ತೈತಿ. ಬೀಜದ್ದು ಬ್ಯಾರೆ, ಅದು ಲೋಳಿ. ಚರ್ಮದಾಗ ನೀರು ಹಿಡದು ಇಟ್ಕೋತೈತಿ."

ನನಗೆ ನಗು ಬಂತು. ಹುಣಸೆಹುಳಿಯಿಂದ ಎಕ್ಸ್‌ಫೋಲಿಯೇಟ್ ಆದವರಲ್ಲಿ ಈ ಸೀಮೆಗೆ ನಾನೇ ಹಿರಿಯಳು. ಆಗ ನನಗೆ ಹತ್ತು ವರ್ಷವಿರಬೇಕು. ಹುಣಸೆ ಕುಟ್ಟಲು ಬರುತ್ತಿದ್ದ ಕರಿಯವ್ವನ ಮಗಳು ಮೈಲವ್ವ ನನ್ನ ಓರಿಗೆಯವಳು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದ ತಾಮ್ರದ ಹಂಡೆ ಬಿಸಿಲಲ್ಲಿ ಹೊಳೆಯುವುದನ್ನು ಇಬ್ಬರೂ ನೋಡಿದೆವು. ಕಾನ್ವೆಂಟಿನಲ್ಲಿ ಬೆಳ್ಳಗಿನ ಹುಡುಗಿಯರಿಗೇ ನಾಟಕದಲ್ಲಿ ಏಂಜೆಲ್ ಪಾರ್ಟು ಕೊಡುತ್ತಾರೆ ಅನ್ನುವುದು ನನ್ನ ದುಃಖ. ಹಂಡೆಗೆ ಆಗುವುದು ನನಗೇಕೆ ಆಗಬಾರದು? ಮೈಲವ್ವನೇ ಮುಂದೆ ಕೂರಿಸಿಕೊಂಡು, ಮುಖಕ್ಕೆ ಹುಣಸೆಹಣ್ಣು ಬಳಿದು, ಹಂಡೆ ತಿಕ್ಕುವ ನಾರಿನಿಂದಲೇ ತಿಕ್ಕಿದಳು. ನಾನು ಅಳಲಿಲ್ಲ, ಏಂಜೆಲ್ಲುಗಳು ಅಳುವುದಿಲ್ಲವಲ್ಲ. ರಜೆ ಮುಗಿದು ಮರುದಿನ ಕಾನ್ವೆಂಟಿಗೆ ಹೋದಾಗ ಮುಖ ಟೊಮೆಟೊ. ಸಿಸ್ಟರ್ ನೋಡಿ, "ಮೀಸಲ್ಸ್" ಅಂದು, ಶಿಲುಬೆ ಮುಟ್ಟಿಕೊಂಡು ನನ್ನನ್ನು ಸಿಕ್ ರೂಮಿಗೆ ಹಾಕಿದರು. ವಾರವಿಡೀ ಬ್ರೆಡ್ಡು, ಹಾಲು, ಕಥೆಪುಸ್ತಕ. ಸಣ್ಣ ಅಕ್ಷರ ಓದುವ ಚಟ ನನಗೆ ಹತ್ತಿದ್ದು ಆ ಕೋಣೆಯಲ್ಲಿ. ಮೈಲವ್ವನಿಗೆ ನಾನು ಋಣಿಯಾಗಿರಬೇಕಾದ ಬಾಬತ್ತುಗಳಲ್ಲಿ ಅದು ಮೊದಲನೆಯದು.

ನಾನು ಓದಿದೆ, ಕಲಿಸಿದೆ, ಮದುವೆಯಾದೆ, ವಿಧವೆಯಾದೆ, ರಿಟೈರಾಗಿ ಮತ್ತೆ ಇದೇ ಕೂಡ್ಲಿಗಿಗೆ ಬಂದೆ. ಮೈಲವ್ವ ತಾಯಿಯ ಕೊಡತಿ ಹಿಡಿದವಳು ಬಿಡಲೇ ಇಲ್ಲ. ಈಗ ಹಿತ್ತಿಲಲ್ಲಿ ಕುಟ್ಟುವವರಿಲ್ಲ. ಕೊಟ್ಟೂರಿನ ವ್ಯಾಪಾರಿ ಟೆಂಪೊದಲ್ಲಿ ಹಣ್ಣಿನ ಚೀಲ ತಂದು ಮನೆಮನೆಗೆ ಇಳಿಸುತ್ತಾನೆ, ಹೆಂಗಸರು ಓಡು, ನಾರು, ಬೀಜ ಬಿಡಿಸಿ ಕೊಡುತ್ತಾರೆ. ಒಂದು ಸೀಸನ್ ಚೀಲ ಬೇಡ ಅಂದರೆ ಮುಂದಿನ ಸೀಸನ್ನಿಗೆ ಟೆಂಪೊ ಆ ಮನೆಯ ಮುಂದೆ ನಿಲ್ಲುವುದಿಲ್ಲ.

ಸ್ಫೂರ್ತಿ ಇದ್ದ ಆ ವಾರವೇ ಮೈಲವ್ವ ಬಂದು ಕಟ್ಟೆಯ ಮೇಲೆ ಕುಳಿತು, ಎರಡೂ ಕೈ ಬಿಚ್ಚಿ ನನ್ನ ಮುಂದೆ ಹಿಡಿದಳು.

"ಅಕ್ಕೋರ, ಇವು ಬೆರಳು ಹೌದಲ್ಲೋ ನೋಡ್ರಿ. ರೇಷನ್ ಅಂಗಡಿ ಮಿಷನ್ನು ಒಲ್ಲೆ ಅಂತೈತಿ."

ಈ ಕಡೆ ಟೀಚರಿಗೆ ಅಕ್ಕೋರು ಅನ್ನುವುದು ರೂಢಿ. ಒಂದು ಕಾಲಕ್ಕೆ ನನ್ನ ಮುಖ ತಿಕ್ಕಿದವಳೂ ಎಲ್ಲರಂತೆ ಅಕ್ಕೋರ ಅನ್ನುತ್ತಾಳೆ, ಬೇಡ ಅಂದರೆ ಕೇಳುವುದಿಲ್ಲ.

ಸಂಗತಿ ಇಷ್ಟು. ರೇಷನ್ ಕಾರ್ಡಿನಲ್ಲಿ ಈಗ ಆಕೆಯದೊಂದೇ ಹೆಸರು. ಯುಗಾದಿಯೊಳಗೆ ಬೆರಳೊತ್ತಿ ತಾನು ತಾನೇ ಅಂತ ತೋರಿಸದಿದ್ದರೆ ಹೆಸರು ಹೋಗುತ್ತದೆ, ಹೆಸರಿನ ಜೊತೆ ಕಾರ್ಡೂ ಹೋಗುತ್ತದೆ. ಮೊಬೈಲಿಗೆ ನಂಬರು ಕಳಿಸುವ ದಾರಿಯೊಂದಿತ್ತು. ಕಾರ್ಡಿಗೆ ಜೋಡಿಸಿದ್ದು ತೀರಿಹೋದ ಗಂಡನ ನಂಬರು, ಅದೀಗ ಯಾರ ಜೇಬಿನಲ್ಲಿದೆಯೋ. ಬೆರಳಿನ ಬದಲು ಮಿಷನ್ನಿಗೆ ಕಣ್ಣು ತೋರಿಸೋಣವೆಂದರೆ ಪೊರೆ ತೆಗೆಸಿಕೊಂಡು ಹಸಿರು ಬಟ್ಟೆ ಕಟ್ಟಿಕೊಂಡಿದ್ದಳು.

"ಹನುಮ ಏನಂತಾನ?" ಅಂತ ಕೇಳಿದೆ. ಹನುಮ ಆಕೆಯ ಮಗ, ನಡುವೆ ಒಂದೇ ಗೋಡೆ.

"ನಮ್ಮ ಕಾರ್ಡಿನಾಗ ಸೇರಸ್ತೀನಿ, ಇಲ್ಲೇ ಉಣ್ಣು ಅಂತಾನ."

"ಒಳ್ಳೇದಾತಲ್ಲ. ನಿನ್ನ ಸೊಸಿನೂ ಒಳ್ಳಾಕಿ."

"ಒಳ್ಳಾಕಿ ಅದಾಳರಿ. ಬ್ಯಾರೆ ಒಲಿ ಇರೋತನ ಒಳ್ಳಾಕಿ." ಬಿಚ್ಚಿದ್ದ ಕೈಗಳನ್ನು ಮಡಿಲಿಗೆ ಎಳೆದುಕೊಂಡು ಅಂದಳು: "ಕಾರ್ಡು ಇತ್ತಂದ್ರ ಅಕ್ಕಿ ನಂದು, ಅಕ್ಕಿ ಇತ್ತಂದ್ರ ಒಲಿ ನಂದು. ಎಷ್ಟೊತ್ತಿಗೆ ಉಂಡಿ, ಎಷ್ಟು ಉಂಡಿ ಅಂತ ಯಾರೂ ಕೇಳಂಗಿಲ್ಲ. ಅದೊಂದು ಹೋಗಬಾರದು ನೋಡ್ರಿ."

ನಾನು ಶೀಶೆಗಳ ಪಂಡಿತೆಯಾಗಿ ನಾಲ್ಕು ದಿನವಾಗಿತ್ತು. ಜ್ಞಾನ ಹೊಸದಿದ್ದಾಗ ಕೈ ಸುಮ್ಮನಿರುವುದಿಲ್ಲ. ಬೆರಳು ಒಣಗಿದ್ದಕ್ಕೇ ಮಿಷನ್ನಿಗೆ ಕಾಣಿಸುತ್ತಿಲ್ಲ ಅಂತ ತೀರ್ಮಾನಿಸಿ, ಆಗಿಂದಾಗಲೇ ಹತ್ತೂ ಬೆರಳಿಗೆ ಪೆಟ್ರೋಲಿಯಮ್ ಜೆಲ್ಲಿ ಮೆತ್ತಿ, ಆಕೆಯನ್ನು ಆಟೋದಲ್ಲಿ ಕೂರಿಸಿಕೊಂಡು ರೇಷನ್ ಅಂಗಡಿಗೆ ಹೋದೆ. ಅಂಗಡಿಯ ಕೊಟ್ರೇಶ ನನ್ನ ಹಳೆಯ ವಿದ್ಯಾರ್ಥಿ. ಮೈಲವ್ವ ಹೆಬ್ಬೆಟ್ಟು ಇಟ್ಟಳು, ಅದು ಜಾರಿತು. ಇನ್ನೊಂದಿಟ್ಟಳು, ಅದೂ ಜಾರಿತು. ಕೊಟ್ರೇಶ ಮಿಷನ್ನಿನ ಗಾಜನ್ನು ಮುಖದ ಹತ್ತಿರ ತಂದು ನೋಡಿದ.

"ಅಕ್ಕೋರ, ಇದು ಗಾಜು ಐತಿ, ದೋಸಿ ಹಂಚಲ್ಲ. ಯಾಕಿಷ್ಟು ಎಣ್ಣಿ ಸವರೀರಿ?"

ಹಿಂದೆ ಸಾಲಿನಲ್ಲಿ ನಿಂತ ಹೆಂಗಸರು ನಕ್ಕರು. ಒಬ್ಬಾಕೆ, "ಮೈಲವ್ವಗ ಮದುವಿ ಗೊತ್ತಾಗೈತೇನ್ರಿ?" ಅಂದಳು.

"ಹ್ಞೂಂ, ನಿನ್ನ ಮಾವನ ಜೋಡಿ," ಅಂದಳು ಮೈಲವ್ವ, ತಿರುಗಿಯೂ ನೋಡದೆ.

ಆದರೆ ವಾಪಸು ಬರುವಾಗ ಆಟೋದಲ್ಲಿ ಸೆರಗಿನಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾ ಕುಳಿತಿದ್ದಳು. ಆಗ ಆ ಬೆರಳುಗಳನ್ನು ನಾನು ಸರಿಯಾಗಿ ನೋಡಿದೆ. ಅವು ಒಣಗಿರಲಿಲ್ಲ, ಒಡೆದಿರಲಿಲ್ಲ. ಊರ ಅಗಸಿ ಬಾಗಿಲ ಹಳೆಯ ಕಲ್ಲಿನಂತೆ ನುಣುಪಾಗಿದ್ದವು. ಒಂದು ಗೆರೆಯೂ ಇರಲಿಲ್ಲ.

ಮನೆಗೆ ಬಂದು ಸ್ಫೂರ್ತಿಗೆ ಹೇಳುತ್ತಿದ್ದ ಹಾಗೆಯೇ ನಮ್ಮಿಬ್ಬರಿಗೂ ಏಕಕಾಲಕ್ಕೆ ಹೊಳೆಯಿತು. ಕೆಂಪು ಶೀಶೆ. ವಾರಕ್ಕೊಂದು ಸಲ ಹಚ್ಚಬೇಕಾದ್ದನ್ನು ಮೈಲವ್ವ ಬೆಳಗಿನಿಂದ ಸಂಜೆಯವರೆಗೆ ಬೆರಳಲ್ಲಿ ಹಿಡಿದು ಕುಳಿತಿದ್ದಳು, ಸುಗ್ಗಿ ಸುಗ್ಗಿಗೂ, ಜೀವಮಾನವಿಡೀ. ಹುಳಿ ಸತ್ತದ್ದನ್ನೂ ತಿಂದಿತ್ತು, ಬದುಕಿದ್ದನ್ನೂ ತಿಂದಿತ್ತು.

ಸ್ಫೂರ್ತಿ ದಾವಣಗೆರೆಯಲ್ಲಿ ತಾನು ತೋರಿಸುವ ಸ್ಕಿನ್ ಡಾಕ್ಟರಿಗೆ ಫೋನು ಮಾಡಿದಳು. ಆ ತಾಯಿ ಹೇಳಿದ ಮಾತನ್ನು ನಾನು ದೇವರ ಮಾತಿನಂತೆ ಇಟ್ಟುಕೊಂಡಿದ್ದೇನೆ. ಬೆರಳಿನ ಗೆರೆ ಇರುವುದು ಮೇಲಿನ ಪದರದಲ್ಲಿ ಮಾತ್ರವಲ್ಲ, ಅದರ ನಕ್ಷೆ ಒಳಗಿನ ಪದರದಲ್ಲಿದೆ. ಮೇಲೆ ಸವೆದರೂ ಒಳಗೆ ಹಾಗೇ ಇರುತ್ತದೆ. ಸವೆಸುವುದನ್ನು ಕೆಲವು ವಾರ ನಿಲ್ಲಿಸಿ, ಮೆತ್ತಗೆ ಇಟ್ಟುಕೊಂಡರೆ ಅದೇ ಗೆರೆ ಮತ್ತೆ ಮೇಲೆ ಬರಬಹುದು.

ಬರಬಹುದು, ಅಂದರು. ಬರುತ್ತದೆ ಅನ್ನಲಿಲ್ಲ. ಯುಗಾದಿಗೆ ಇದ್ದದ್ದೂ ಕೆಲವೇ ವಾರ.

"ಹಂಗಾರ ಹಣ್ಣು ಯಾರು ಬಿಡಸ್ತಾರ?" ಅಂದಳು ಮೈಲವ್ವ. "ಮನಿ ತುಂಬ ಚೀಲ ಅದಾವು. ವಾಪಸ್ ಕಳಿಸಿದ್ರ ಮುಂದಿನ ವರ್ಷ ಆ ಟೆಂಪೊದಂವ ನನ್ನ ಮಾರಿ ನೋಡಂಗಿಲ್ಲ."

ಗ್ಲೌಸು ತರಿಸಿಕೊಟ್ಟೆ. ಹಾಕಿಕೊಂಡು ಒಂದು ಹಣ್ಣು ಬಿಡಿಸಿ, ಕಳಚಿ, ನನ್ನ ಮಡಿಲಲ್ಲಿ ಇಟ್ಟಳು. "ಬೀಜ ಎಲ್ಲೈತಿ, ನಾರು ಎಲ್ಲೈತಿ ಗೊತ್ತಾಗಬೇಕಲ್ರಿ. ಮುಸುಕು ಹಾಕ್ಕೊಂಡು ಸಂತಿ ಮಾಡಿದಂಗಾತು."

ಹಾಗಾಗಿ ನಾನೇ ಕುಳಿತೆ. ಇದನ್ನು ತ್ಯಾಗ ಅಂತ ದಯವಿಟ್ಟು ತಿಳಿಯಬೇಡಿ. ರಿಟೈರಾದ ಇಂಗ್ಲಿಷ್ ಟೀಚರಿಗೆ ಬೆಳಿಗ್ಗೆ ಹತ್ತರ ಮೇಲೆ ಏನು ಕೆಲಸವಿರುತ್ತದೆ ಅನ್ನುವುದು ನನಗೊಬ್ಬಳಿಗೇ ಗೊತ್ತು. ಮೈಲವ್ವನ ಅಂಗಳದಲ್ಲಿ ಗೋಣಿತಟ್ಟು ಹಾಸಿ ಒಂದು ಕಡೆ ನಾನು, ಒಂದು ಕಡೆ ಆಕೆಯ ಸೊಸೆ ನಾಗಮ್ಮ. ಮೈಲವ್ವ ಮಣೆಯ ಮೇಲೆ, ಕ್ರೀಮು ಹಚ್ಚಿದ ಕೈಗಳನ್ನು ಅಂಗೈ ಮೇಲಾಗಿ ಮೊಣಕಾಲ ಮೇಲಿಟ್ಟುಕೊಂಡು, ಪೂಜೆಗೆ ಕುಳಿತ ಸ್ವಾಮಿಯಂತೆ.

"ಅಕ್ಕೋರ, ನಾರು ಬಿಟ್ರಿ ಅಲ್ಲಿ. ಹುಡುಗೂರ ಕಾಪಿ ತಿದ್ದುವಾಗ ಹಿಂಗ ಬಿಡ್ತಿದ್ರೇನು?"

"ಅತ್ತಿ, ಅಕ್ಕೋರಿಗೆ ಹಂಗ ಅನಬ್ಯಾಡ್ರಿ," ಅಂದಳು ನಾಗಮ್ಮ.

"ನಿಂದೂ ನೋಡಾಕತ್ತೀನಿ ಹುಡುಗಿ. ಬೀಜ ಬಾಯಾಗ ಹಾಕ್ಕೊಂಡಿ."

ನಾಗಮ್ಮ ಹೊಳಲಿನವಳು, ಮಾತು ಕಡಿಮೆ. ಬೀಜ ಉಗುಳಿ ನಕ್ಕಳು. ಅತ್ತೆ ಸೊಸೆ ಒಂದೇ ಅಂಗಳದಲ್ಲಿ ಇಷ್ಟು ಹೊತ್ತು ಕುಳಿತದ್ದು ಅದೇ ಮೊದಲು ಅಂತ ಹನುಮ ನನಗೆ ಆಮೇಲೆ ಹೇಳಿದ.

ಈ ನಡುವೆ ನನ್ನೊಳಗಿನ ಟೀಚರು ಸುಮ್ಮನಿರಲಿಲ್ಲ. ಯಾವ ಇನ್‌ಗ್ರೀಡಿಯೆಂಟು ಯಾವುದಕ್ಕಿಂತ ಮೇಲು ಅಂತ ಕಂಪೇರ್ ಮಾಡಲು ಇಂಥ ಅವಕಾಶ ಇನ್ನೆಲ್ಲಿ? ಬಲಗೈ ಊಟಕ್ಕೆ ಬಿಟ್ಟು ಎಡಗೈಯನ್ನು ನಾನು ತೆಗೆದುಕೊಂಡೆ. ಹೆಬ್ಬೆಟ್ಟಿಗೆ ಬರೀ ಗ್ಲಿಸರಿನ್. ತೋರುಬೆರಳಿಗೆ ಗ್ಲಿಸರಿನ್ ಮೇಲೆ ಜೆಲ್ಲಿ. ನಡುವಿನದಕ್ಕೆ ಲ್ಯಾನೋಲಿನ್ ಇದ್ದ ಕ್ರೀಮು. ಉಂಗುರದ ಬೆರಳಿಗೆ ಒಡೆದ ಹಿಮ್ಮಡಿಗೆ ಕೊಡುವ ಯೂರಿಯಾ ಕ್ರೀಮು. ಯೂರಿಯಾ ಅಂದದ್ದೇ ಮೈಲವ್ವ ಕೈ ಹಿಂದೆಳೆದುಕೊಂಡಳು. "ಗೊಬ್ಬರ ಹಾಕ್ತೀರೇನ್ರಿ? ಬೆರಳಿಗೆ ತೆನಿ ಬಂದ್ರ ಏನು ಮಾಡ್ಲಿ?" ಕಿರುಬೆರಳಿಗೆ ಹುಣಸೆಬೀಜದ ಸರಿ. ಕಂಬಳಿಗೆ ಗಂಜಿ ಕೊಡಲು ಬೀಜ ನೆನೆಸಿ, ಅರೆದು, ಕುದಿಸುತ್ತಾರಲ್ಲ, ಅದೇ. ಸ್ಫೂರ್ತಿಯ ಲೋಳೆ ಶೀಶೆಗೂ ಮೈಲವ್ವನ ಗಡಿಗೆಗೂ ನೆಂಟಸ್ತಿಕೆ ಇದೆಯಲ್ಲ ಅಂತ ನನಗೆ ಒಳಗೊಳಗೇ ಹಿಗ್ಗು.

ಪ್ರಯೋಗ ಮೂರನೆಯ ದಿನಕ್ಕೆ ಹಾಳಾಯಿತು. ನಾನು ಹೋಗಿ ನೋಡಿದಾಗ ಮೈಲವ್ವ ಎರಡೂ ಕೈ ಗಸಗಸ ಉಜ್ಜಿಕೊಳ್ಳುತ್ತಿದ್ದಳು.

"ಎಲ್ಲಾ ಕೂಡಿಬಿಟ್ಟಿತಲ್ಲ ಮೈಲವ್ವ. ಯಾವುದು ಯಾವ ಬೆರಳಿಂದು ಅಂತ ಹೆಂಗ ಹೇಳೂದು ಈಗ?"

"ಎಡಗೈಗೆ ಅಷ್ಟ ಸಿಂಗಾರ ಮಾಡಿದ್ರಿ. ಬಲಗೈ ಏನು ಪಾಪ ಮಾಡೈತಿ? ಬೆನ್ನು ತಿಕ್ಕೂದು, ಉಣಸೂದು ಅದಾ ಅಲ್ಲೇನ್ರಿ."

ಹೀಗೆ ಸೈನ್ಸಿಗೆ ನನ್ನಿಂದ ಆಗಬೇಕಿದ್ದ ಉಪಕಾರ ತಪ್ಪಿತು. ಆದರೆ ಇನ್ನೊಂದು ಪ್ರಯೋಗ ನನಗೆ ಗೊತ್ತಿಲ್ಲದೆ ನಡೆಯುತ್ತಿತ್ತು. ಒಂದು ದಿನ ಸ್ಫೂರ್ತಿಗೆ ಫೋನು ಮಾಡೋಣವೆಂದು ಹೆಬ್ಬೆಟ್ಟು ಒತ್ತಿದರೆ ನನ್ನ ಫೋನು ತೆರೆಯಲಿಲ್ಲ. ಒರೆಸಿ ಒತ್ತಿದೆ, ತೊಳೆದು ಒತ್ತಿದೆ. ನೀವು ಯಾರೋ ಬೇರೆಯವರು ಅನ್ನುವಂತೆ ಅದು ಮೈ ನಡುಗಿಸಿತು. ಬೆರಳನ್ನು ಭೂತಗನ್ನಡಿಯ ಕೆಳಗೆ ಹಿಡಿದೆ. ಹುಣಸೆ ನನ್ನನ್ನೂ ತಿನ್ನತೊಡಗಿತ್ತು. ಬರೀ ಫೋನು ತೆರೆಯದಿದ್ದಕ್ಕೇ ನಾನು ಇಷ್ಟು ಒರೆಸಿ, ಇಷ್ಟು ತೊಳೆದಿದ್ದೆ. ಅಂಗಡಿಯಿಂದ ಬಂದ ದಿನ ಆಟೋದಲ್ಲಿ ಮೈಲವ್ವ ಬೆರಳು ಒರೆಸಿಕೊಂಡ ರೀತಿ ಆಗ ಅರ್ಥವಾಯಿತು. ಮರುದಿನ ಬೆರಳು ತೋರಿಸಿದರೆ ಆಕೆ ಹೊಟ್ಟೆ ಹಿಡಿದು ನಕ್ಕಳು. "ಬರ್ರಿ, ಇಬ್ಬರೂ ಕೂಡಿ ಸಾಲಿನ್ಯಾಗ ನಿಂದ್ರೋಣು," ಅಂದಳು.

ಯುಗಾದಿಗೆ ಮುಂಚಿನ ವಾರ ಹೋದೆವು. ಹೋಗುವ ಮುಂಚೆ ಸೋಪಿನಿಂದ ಕೈ ತೊಳೆಸಿ, ಬಟ್ಟೆಯಿಂದ ಒತ್ತಿ ಒರೆಸಿ, ಏನನ್ನೂ ಹಚ್ಚದೆ ಕರೆದುಕೊಂಡು ಹೋದೆ. ನಾಗಮ್ಮನೂ ಬಂದಳು. ಮೈಲವ್ವ ಬಲಗೈ ಹೆಬ್ಬೆಟ್ಟು ಇಟ್ಟಳು. ಕೊಟ್ರೇಶ ತಲೆ ಅಲ್ಲಾಡಿಸಿದ. ಎಡಗೈ ಹೆಬ್ಬೆಟ್ಟು. ಇಲ್ಲ. ತೋರುಬೆರಳು ಇಲ್ಲ. ಸಾಲಿನಲ್ಲಿ ಈ ಸಲ ಯಾರೂ ನಗಲಿಲ್ಲ.

"ಆಯಿ, ಉಸರು ಬಿಡು. ಬೆರಳು ನಡಗಸಬ್ಯಾಡ," ಅಂದ ಕೊಟ್ರೇಶ. ಆಕೆಯ ಎಡಗೈಯ ಉಂಗುರದ ಬೆರಳನ್ನು ತಾನೇ ಮೆಲ್ಲಗೆ ಹಿಡಿದು ಗಾಜಿನ ಮೇಲೆ ಇಟ್ಟ, ಸ್ವಲ್ಪ ಒತ್ತಿದ.

ಮಿಷನ್ನು ಒಂದು ಸಣ್ಣ ಚೀಟಿ ಹೊರಗೆ ತಳ್ಳಿತು.

"ಬಂತು ನೋಡ್ರಿ," ಅಂದ.

ಮೈಲವ್ವ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. "ಖರೇನ ನಾನ ಅಂತಾ? ಇನ್ನೊಮ್ಮೆ ಕೇಳು," ಅಂದಳು. ಕೊಟ್ರೇಶ ಇನ್ನೊಮ್ಮೆ ಕೇಳಬೇಕಿಲ್ಲ ಅಂತ ಹೇಳಿ ಅಕ್ಕಿ ಅಳೆದ. ಚೀಲವನ್ನು ನಾಗಮ್ಮ ತಲೆಯ ಮೇಲೆ ಹೊತ್ತು ನಡೆದಳು. ಮನೆಗೆ ಬಂದು ಅತ್ತೆಯ ಒಲೆಯ ಪಕ್ಕ ಇಳಿಸಿ, ಗೋಡೆಯಾಚೆ ತನ್ನ ಒಲೆಗೆ ಹೋದಳು. ಆ ಹುಡುಗಿಯ ಮೇಲೆ ನನಗೆ ಅವತ್ತು ಬಂದ ಪ್ರೀತಿ ಹೇಳತೀರದು.

ಗೆದ್ದದ್ದು ಗ್ಲಿಸರಿನ್ನೋ, ಯೂರಿಯಾನೋ, ಕುರಿಯ ಜಿಡ್ಡೋ, ಬೀಜದ ಸರಿಯೋ, ಸ್ಫೂರ್ತಿ ಈಗಲೂ ಕೇಳುತ್ತಾಳೆ. ಉಂಗುರದ ಬೆರಳಿಗೆ ನಾನು ಹಚ್ಚಿದ್ದು ಯೂರಿಯಾ, ನಿಜ. ಆದರೆ ಮೈಲವ್ವ ಎಲ್ಲವನ್ನೂ ಎಲ್ಲಕ್ಕೂ ಬಳಿದುಕೊಂಡಿದ್ದಳಲ್ಲ. ನನ್ನ ಅಂದಾಜಿನಲ್ಲಿ ಕ್ರೀಮುಗಳದ್ದು ಅರ್ಧ ಪಾಲು, ಉಳಿದರ್ಧ ಆ ಬೆರಳುಗಳಿಗೆ ಸುಗ್ಗಿಯ ನಡುವೆ ಹುಟ್ಟಿದಂದಿನಿಂದ ಮೊದಲ ಸಲ ಸಿಕ್ಕ ರಜೆಯದು. ನನಗೆ ಎಲ್ಲದರ ಮೇಲೂ ಕೃತಜ್ಞತೆ ಇದೆ. ಸಣ್ಣ ಅಕ್ಷರಗಳಲ್ಲಿ ಒಳಗಿದ್ದದ್ದನ್ನು ಹೊರಗೆ ಬರೆದವರ ಮೇಲೆ, ಕಾಸು ಖರ್ಚು ಮಾಡಿ ಶೀಶೆ ಕೊಂಡ ಮೊಮ್ಮಗಳ ಮೇಲೆ, ಕಂಡಿರದ ಡಾಕ್ಟರ ಮೇಲೆ. ಮೇಲೆ ಎಷ್ಟು ಸವೆದರೂ ಒಳಗೆ ನಕ್ಷೆ ಕಾಯ್ದಿಟ್ಟುಕೊಂಡಿರುವ ಚರ್ಮವನ್ನು ಈ ವಯಸ್ಸಿನಲ್ಲಿ ಹೊದ್ದುಕೊಂಡಿರುವುದೇ ನನಗೊಂದು ಸಮಾಧಾನ.

ದೀಪಾವಳಿಯ ನಂತರ ಮೈಲವ್ವ ಹೋದಳು. ನಾನು ಮೊಣಕಾಲ ಆಪರೇಷನ್ನಿಗೆ ದಾವಣಗೆರೆಯ ಆಸ್ಪತ್ರೆಯಲ್ಲಿದ್ದೆ, ಹೋಗಿ ಮುಖ ನೋಡಲಾಗಲಿಲ್ಲ. ನಾಗಮ್ಮ ಫೋನಿನಲ್ಲಿ ಹೇಳಿದಳು: ಅನ್ನಕ್ಕಿಟ್ಟು ಬಂದು ಹೊಸ್ತಿಲಲ್ಲಿ ಕುಳಿತಿದ್ದಳಂತೆ, ಕುಳಿತಲ್ಲೇ ಗೋಡೆಗೆ ಒರಗಿದಳಂತೆ. ಬಹಳ ಹೊತ್ತು ಅತ್ತು ಆಮೇಲೆ ಅಂದಳು, "ಒಲಿ ಮ್ಯಾಲೆ ಅನ್ನ ಆಗಿತ್ರಿ ಅಕ್ಕೋರ. ಅರಳಿತ್ತು."

ಆಕೆಯನ್ನು ನಾನು ಕಡೆಯದಾಗಿ ಕಂಡದ್ದು ಆಸ್ಪತ್ರೆಗೆ ಹೊರಟ ಬೆಳಿಗ್ಗೆ. ನಾನು ಕಾರಿನಲ್ಲಿ ಕುಳಿತಾಗಿತ್ತು. ಮೈಲವ್ವ ಓಣಿಯ ತುದಿಯಿಂದ ಬೇಗಬೇಗ ಬಂದು ಕಿಟಕಿಯೊಳಗೆ ಎರಡೂ ಕೈ ಹಾಕಿದಳು.

"ಹೊಸಾ ಕಾಲು ಹಾಕ್ಕೊಂಡು ಲಗೂನ ಬರ್ರಿ. ಹುಣಸಿ ಸುಗ್ಗಿ ಬರ್ತೈತಿ, ಯಾರು ಬಿಡಸ್ತಾರ?"

"ಈ ಸಲ ಒಲ್ಲೆವ್ವ. ನನ್ನ ಫೋನು ನನ್ನ ಮಾತು ಕೇಳಬೇಕು."

ನಗುತ್ತಾ ನನ್ನ ಮುಖವನ್ನು ಎರಡೂ ಕೈಯಿಂದ ಸವರಿ, ಬೆರಳುಗಳನ್ನು ತನ್ನ ಹಣೆಯ ಪಕ್ಕಕ್ಕೆ ಒತ್ತಿ ನೆಟಿಗೆ ಮುರಿದುಕೊಂಡಳು. ಸವರುವಾಗ ಆಕೆಯ ಹೆಬ್ಬೆಟ್ಟು ನನ್ನ ಕೆನ್ನೆಯ ಮೇಲಿಂದ ಹಾದುಹೋಯಿತು. ನುಣುಪು ಹೋಗಿ ಸ್ವಲ್ಪ ಒರಟಾಗಿತ್ತು.